ಬಿಸಿಲಿಗೆ ಬಿದ್ದ ನಾಲ್ಕು ತತ್ತಿ

ನಿವೃತ್ತಿಯಾದ ಮೇಲೂ ನನಗೆ ಬೆಳಗಿನ ನಾಲ್ಕಕ್ಕೇ ಎಚ್ಚರವಾಗುತ್ತಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ಬಸ್ಸು ಓಡಿಸಿದವನು ನಾನು. ಅದರಲ್ಲಿ ಕೊನೆಯ ಎಷ್ಟೋ ವರ್ಷ ಶಹಾಪುರದಿಂದ ಯಾದಗಿರಿಗೆ ಹೋಗುವ ಮೊದಲ ಬಸ್ಸು ನನ್ನದೇ. ಯಾದಗಿರಿಯಲ್ಲಿ ರೈಲು ಹಿಡಿಯುವವರು ಅದರಲ್ಲಿ ಇರುತ್ತಿದ್ದರು. ಐದು ನಿಮಿಷ ತಡವಾದರೆ ಹಿಂದಿನಿಂದ ಬೈಗುಳ ಶುರುವಾಗುತ್ತಿತ್ತು. ಕಣ್ಣು ಬಿಟ್ಟ ಕೂಡಲೇ ಕಾಲು ನೆಲಕ್ಕಿಡುವುದು ಹಾಗೆ ಮೈಗೆ ಹತ್ತಿದ ಚಟ. ಈಗ ಎದ್ದು ಹೋಗುವುದಾದರೂ ಎಲ್ಲಿಗೆ? ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ, ಅಲ್ಲಿಂದ ತಿರುಗಿ ಒಳಕ್ಕೆ. ಗೇಟಿನ ಚಿಲಕ ತೆಗೆದು ಹಾಕುವ ಸದ್ದಿಗೆ ಬೀದಿನಾಯಿ ಬೊಗಳುತ್ತಿತ್ತು. ಕುಂತಲ್ಲಿ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು.

“ಮನ್ಯಾಗ ಹಿಂಗ ತಿರುಗಬ್ಯಾಡ್ರಿ, ನೋಡಿ ನೋಡಿ ನನಗ ಚಕ್ಕರ್ ಬರಾಕತ್ತದ” ಎಂದಳು ನನ್ನ ಹೆಂಡತಿ. “ಎಲ್ಲ್ಯಾರ ಹೊರಗ ಹೋಗಿ ಬರ್ರಿ.”

ಹೊರಗೆ ಹೋಗಲು ನನ್ನಲ್ಲಿ ಒಂದು ಕಾರಣವೂ ಇತ್ತು. ಅದನ್ನು ಅವಳಿಗೆ ಹೇಳಿರಲಿಲ್ಲ. ನೌಕರಿಯ ಕೊನೆಯ ಬೇಸಿಗೆಯಲ್ಲಿ ಒಂದು ಮುಂಜಾನೆ ಭೀಮಾ ನದಿಯ ಸೇತುವೆ ಇನ್ನೂ ಸ್ವಲ್ಪ ದೂರ ಇರುವಾಗ, ತಂತಿಯ ಮೇಲಿದ್ದ ನೀಲಕಂಠ ಹಕ್ಕಿಯೊಂದು ಹಾರಿ ಬಂದು ಬಸ್ಸಿನ ಮುಂದಿನ ಗಾಜಿಗೆ ಬಡಿಯಿತು. ಸಣ್ಣ ಸದ್ದು, ಯಾರೋ ಬೆರಳಿನಿಂದ ಬಾಗಿಲು ತಟ್ಟಿದಂತೆ. ಬ್ರೇಕಿನ ಮೇಲೆ ಕಾಲು ಹೋಯಿತು, ಕನ್ನಡಿಯಲ್ಲಿ ಹಿಂದಿನವರ ಮುಖ ನೋಡಿದೆ, ಕಾಲು ತೆಗೆದೆ. ವೈಪರಿಗೆ ಎರಡು ನೀಲಿ ಗರಿ ಸಿಕ್ಕಿಕೊಂಡಿದ್ದವು. ಯಾದಗಿರಿಯ ಬಸ್ ನಿಲ್ದಾಣದವರೆಗೂ ಅವು ನನ್ನ ಕಣ್ಣ ಮುಂದೆ ಗಾಳಿಗೆ ಅದುರುತ್ತ ಬಂದವು. ಅಷ್ಟು ವರ್ಷ ಅದೇ ರಸ್ತೆಯ ತಂತಿಯ ಮೇಲೆ ಅದೇ ಹಕ್ಕಿಗಳು ಕೂತಿದ್ದವು. ನಾನು ಒಂದನ್ನೂ ನಿಂತು ನೋಡಿರಲಿಲ್ಲ.

ಶಹಾಪುರದ ಬಸ್ ನಿಲ್ದಾಣದ ಹಿಂದೆ ಫೋಟೊ ಸ್ಟುಡಿಯೋ ಇಟ್ಟುಕೊಂಡವರೊಬ್ಬರು ನನಗೆ ಹಳೆಯ ಪರಿಚಯ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಊರಿನವರೆಲ್ಲ ಅವರನ್ನು ಉಸ್ತಾದ್ ಅನ್ನುತ್ತೇವೆ. ನನ್ನ ಲಗ್ನದ ಫೋಟೊ ತೆಗೆದವರೂ ಅವರೇ. ಈಗ ಲಗ್ನಗಳಿಗೆ ಅವರ ತಮ್ಮನ ಮಕ್ಕಳು ಡ್ರೋನ್ ತೆಗೆದುಕೊಂಡು ಹೋಗುತ್ತಾರೆ. ಉಸ್ತಾದ್ ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೊಕ್ಕೆ ಬಂದವರ ಕಾಲರು ಸರಿ ಮಾಡುತ್ತ ಕೂರುತ್ತಾರೆ. ಚಹಾ ಕುಡಿಯಲು ಹೋದಾಗ ನನ್ನ ಅವಸ್ಥೆ ಕೇಳಿ, ಕಪಾಟಿನಿಂದ ಒಂದು ಹಳೆಯ ಕ್ಯಾಮೆರಾ, ಮೊಳದುದ್ದದ ಲೆನ್ಸು ತೆಗೆದು ಟೇಬಲ್ ಮೇಲಿಟ್ಟರು.

“ತೊಗೊಂಡು ಹೋಗ್ರಿ ಡ್ರೈವರ್ ಸಾಬ್. ಇಲ್ಲಿ ಧೂಳ ತಿನ್ನಾಕತ್ತದ. ಕೈಗೊಂದು ಕೆಲಸ ಬೇಕು ನಿಮಗ.”

ಮರುದಿನದಿಂದ ನನ್ನ ತಿರುಗಾಟ ಶುರುವಾಯಿತು. ಕೆರೆಯ ಏರಿ, ಗುಡ್ಡದ ಬುಡ, ಭೀಮರಾಯನಗುಡಿಯ ಕಡೆಗೆ ಹೋಗುವ ಕಾಲುವೆಯ ದಂಡೆ. ಫಾಲ್ಗುಣ ಮುಗಿಯುತ್ತಿತ್ತು. ಹತ್ತಿ ಬಿಡಿಸಿ, ಕಟ್ಟಿಗೆ ಕಿತ್ತು ಹೊಲದ ಬದುವಿಗೆ ಒಟ್ಟಿದ್ದರು. ಆ ಒಟ್ಟಿಲಿನ ಮೇಲೆ ಕಾಜಾಣ, ಬೇವಿನ ಗಿಡದಲ್ಲಿ ಗಿಳಿ, ಜಾಲಿಯ ಮರೆಯಲ್ಲಿ ಗೌಜಲಹಕ್ಕಿ. ಕಂಡದ್ದೆಲ್ಲ ನನಗೆ ಬೇಕು. ಒಂದರ ಬೆನ್ನು ಹತ್ತಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಇನ್ನೊಂದು ಕೂಗುತ್ತಿತ್ತು. ಇದನ್ನು ಬಿಟ್ಟು ಅದರ ಕಡೆ ಓಡುತ್ತಿದ್ದೆ. ಒಂಬತ್ತಕ್ಕೆ ಬೆವರು ಸುರಿಸುತ್ತ ಸ್ಟುಡಿಯೋಕ್ಕೆ ಹೋಗಿ ಉಸ್ತಾದರ ಮುಂದೆ ಕ್ಯಾಮೆರಾ ಇಟ್ಟರೆ, ಅವರು ಕನ್ನಡಕ ಹಣೆಗೇರಿಸಿ ಒಂದೊಂದೇ ನೋಡುತ್ತಿದ್ದರು.

“ಇದರಾಗ ಹಕ್ಕಿ ಎಲ್ಲದ?”

“ಈಗ ಇತ್ತು ಉಸ್ತಾದ್.”

“ನೀವು ಹಕ್ಕಿದು ತೆಗೆದಿಲ್ಲ ಸಾಬ್. ಹಕ್ಕಿ ಎದ್ದು ಹೋದ ಟೊಂಗಿದು ತೆಗೆದೀರಿ.” ಇನ್ನೊಂದು ನೋಡಿದರು. ಅದೂ ಟೊಂಗೆ. “ಬೆನ್ನ ಹತ್ತಬ್ಯಾಡ್ರಿ. ಒಂದ್ ಕಡಿ ಕುಂದರ್ರಿ. ಅದೇ ಬರ್ತದ.”

“ಕುಂದರಾಕ ಆಗಂಗಿಲ್ಲ ನನಗ.”

“ಮೂವತ್ತು ವರ್ಷ ಕುಂತೇ ದುಡದೀರಲ್ಲ?”

“ಕುಂತಿದ್ದೆ ಖರೆ. ನಿಂತಿರಲಿಲ್ಲ.”

ಉಸ್ತಾದ್ ನಕ್ಕರು. ಮರುದಿನ ನಸುಕಿನ ಫಜರ್ ನಮಾಜು ಮುಗಿಸಿ ಅವರೇ ನನ್ನ ಜೊತೆ ಹೊರಟರು. ಅವರಿಗೆ ಎಡಗಣ್ಣಿಗೆ ಪೊರೆ ಬಂದಿತ್ತು, ಮೊಳಕಾಲಿನ ನೋವು ಬೇರೆ. ನಾನು ಮುಂದೆ ಮುಂದೆ ಹೋಗಿ, ನಿಂತು, ಹಿಂದಿರುಗಿ ಬಂದು, ಮತ್ತೆ ಮುಂದೆ ಹೋಗುತ್ತಿದ್ದೆ. ಅವರು ಒಂದೇ ಹದದಲ್ಲಿ ಬರುತ್ತಿದ್ದರು. ಆದರೂ ಹಕ್ಕಿ ಮೊದಲು ಕಾಣುತ್ತಿದ್ದುದು ಅವರಿಗೇ.

ಯುಗಾದಿ ಆಗಿ ಎಂಟು ಹತ್ತು ದಿನಕ್ಕೆ ನಾವು ಆ ಗೂಡು ಕಂಡೆವು. ಊರ ಹೊರಗೆ ಕಾಲುವೆಯ ಈಚೆಗೆ, ಹೊಲವಿದ್ದದ್ದನ್ನು ಪ್ಲಾಟು ಮಾಡಿ ಕಲ್ಲು ನೆಟ್ಟ ಬಯಲು. ಇನ್ನೂ ಒಂದು ಮನೆಯೂ ಎದ್ದಿರಲಿಲ್ಲ. ಹರಳು, ಒಣಹುಲ್ಲು, ಅಲ್ಲಲ್ಲಿ ಗಾಜಿನ ಚೂರು. ನಾವು ಅದರ ನಡುವೆ ಅಡ್ಡ ಹಾಯುವಾಗ ಎರಡು ಟಿಟ್ಟಿಭಗಳು ತಲೆಯ ಮೇಲೆ ಬಂದು ಚೀರತೊಡಗಿದವು. ಉದ್ದನೆಯ ಹಳದಿ ಕಾಲು, ಕಪ್ಪು ಕೊರಳು, ಕಣ್ಣಿನ ಮುಂದೆ ಕೆಂಪು ಚರ್ಮ. ಉಸ್ತಾದ್ ನನ್ನ ತೋಳು ಹಿಡಿದರು.

“ಠೈರೋ. ಕಾಲ ಎತ್ತಬ್ಯಾಡ್ರಿ.”

ನನ್ನ ಚಪ್ಪಲಿಯಿಂದ ಎರಡು ಮಾರಿನಾಚೆ, ಬಳಿದಿದ್ದ ಸುಣ್ಣ ಹೋದ ಒಂದು ಪ್ಲಾಟುಗಲ್ಲಿನ ಬುಡದಲ್ಲಿ, ಅಂಗೈಯಷ್ಟು ತಗ್ಗಿನಲ್ಲಿ ನಾಲ್ಕು ಮೊಟ್ಟೆಗಳಿದ್ದವು. ಹುಲ್ಲಿಲ್ಲ, ಕಡ್ಡಿಯಿಲ್ಲ, ಸುತ್ತ ನಾಲ್ಕು ಹರಳು ಮಾತ್ರ. ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಚುಕ್ಕೆ. ಒಂದು ಸಲ ಕಣ್ಣು ಪಕ್ಕಕ್ಕೆ ಹೊರಳಿಸಿ ತಿರುಗಿ ನೋಡಿದರೆ ಮತ್ತೆ ಹುಡುಕಬೇಕು.

“ಈಗ ಕಂಡ್ರೇನು ನಿಮಗ?” ಎಂದು ಹಿಂದಿನಿಂದ ಯಾರೋ ಕೇಳಿದರು.

ತಲೆಯ ಮೇಲೆ ಸೆಗಣಿಯ ಬುಟ್ಟಿ ಹೊತ್ತ ಮುದುಕಿಯೊಬ್ಬಳು ನಿಂತಿದ್ದಳು. ಎಪ್ಪತ್ತು ದಾಟಿರಬಹುದು. ಬಯಲಿನ ಅಂಚಿಗೇ ಅವಳ ತಗಡಿನ ಮನೆ, ಎರಡು ಎಮ್ಮೆ. ದಿನಾ ಮುಂಜಾನೆ ಅದೇ ಬಯಲಿನಲ್ಲಿ ಅವಳು ಕುಳ್ಳು ತಟ್ಟುತ್ತಿದ್ದಳು. ಮೊದಲ ಮೊಟ್ಟೆ ಇಟ್ಟ ದಿನದಿಂದ ಅವಳಿಗೆ ಈ ಗೂಡು ಗೊತ್ತಂತೆ. ಅದಕ್ಕೇ ಕುಳ್ಳಿನ ಸಾಲನ್ನು ಆಚೆಗೆ ಸರಿಸಿದ್ದಳು.

“ತೆಗ್ಗಿನ್ಯಾಗ ತತ್ತಿ ಇಟ್ಟದ ಅಂದ್ರ ಈ ಸಲ ಮಳಿ ತಡ” ಎಂದಳು. ಆಮೇಲೆ ನನ್ನ ಕೊರಳಲ್ಲಿದ್ದ ಕ್ಯಾಮೆರಾ ನೋಡಿ, “ನೋಡ್ರಿ, ಬ್ಯಾಡನಂಗಿಲ್ಲ. ದೂರ ನಿಂತು ನೋಡ್ರಿ.”

ಮೊದಲ ಒಂದು ವಾರ ಹಾಗೇ ನಡೆಯಿತು. ಉಸ್ತಾದ್ ಕಾಲುವೆಯ ದಂಡೆಯ ಮೇಲೆ ಟವೆಲ್ ಹಾಸಿ ಕೂರುತ್ತಿದ್ದರು, ನನ್ನನ್ನೂ ಕೂರಿಸುತ್ತಿದ್ದರು. ನೂರು ಹೆಜ್ಜೆ ದೂರದಿಂದ ಹಕ್ಕಿ ಒಂದು ಬೂದು ಚುಕ್ಕೆಯಷ್ಟೇ. ಲೆನ್ಸಿನಲ್ಲಿ ಸ್ವಲ್ಪ ದೊಡ್ಡ ಚುಕ್ಕೆ. ನನ್ನ ಬಲಗಾಲು ನೆಲ ಒತ್ತತೊಡಗಿದರೆ ಉಸ್ತಾದ್ ಸುಮ್ಮನೆ ಅದರ ಮೇಲೆ ಕೈಯಿಡುತ್ತಿದ್ದರು. ಆಮೇಲೆ ಅವರು ಕಣ್ಣಿನ ಪೊರೆ ತೆಗೆಸಲು ಯಾದಗಿರಿಯ ಮಗಳ ಮನೆಗೆ ಹೋದರು. ಹದಿನೈದು ದಿನ ಬರುವುದಿಲ್ಲ ಎಂದರು. ನಾನು ಒಬ್ಬನೇ ಉಳಿದೆ.

ಒಬ್ಬನೇ ಆದ ಮೊದಲ ದಿನ ದಂಡೆಯಿಂದ ಇಳಿದು ಇಪ್ಪತ್ತು ಹೆಜ್ಜೆ ಮುಂದೆ ಹೋದೆ. ಹಕ್ಕಿ ತಲೆಯೆತ್ತಿ ನೋಡಿತು, ಏಳಲಿಲ್ಲ. ಮರುದಿನ ಇನ್ನೂ ಇಪ್ಪತ್ತು. ಅದಕ್ಕೆ ನಾನು ಗೊತ್ತಾಗುತ್ತಿದ್ದೇನೆ ಎಂದು ನನಗೇ ಹೇಳಿಕೊಂಡೆ. ನಿಜ ಏನೆಂದರೆ, ನನಗೆ ಅದರ ಕಣ್ಣು ಬೇಕಾಗಿತ್ತು. ಕೆಂಪು ಅಂಚಿನ ಆ ಕಣ್ಣು ಸ್ಪಷ್ಟವಾಗಿ ಬಂದ ಒಂದು ಫೋಟೊ. ಊಟಕ್ಕೆ ಕುಂತಾಗಲೂ ಅದೇ ಯೋಚನೆ. ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡೇ ಇರುತ್ತಿದ್ದೆ. “ಪಲ್ಲೆ ಆರಿ ಹೋತು” ಎಂದು ಹೆಂಡತಿ ಎರಡು ಸಲ ಹೇಳಬೇಕಾಗುತ್ತಿತ್ತು.

ಐದನೆಯ ದಿನವೋ ಆರನೆಯ ದಿನವೋ, ಬಣ್ಣಗೆಟ್ಟ ಒಂದು ಹಳೆಯ ಚೀಲ ಮೈಮೇಲೆ ಹೊದ್ದುಕೊಂಡು, ಗೂಡಿನಿಂದ ಹತ್ತು ಹೆಜ್ಜೆಗೆ ಹೊಟ್ಟೆಯಡಿಯಾಗಿ ಮಲಗಿದೆ. ಆಗ ಆರು ಗಂಟೆ. ನಾನು ಬಂದೊಡನೆ ಹಕ್ಕಿ ಎದ್ದು ಹೋಗಿತ್ತು. ಚೀಲದೊಳಗೆ ಅಲ್ಲಾಡದೆ ಇದ್ದರೆ ತಿರುಗಿ ಬಂದು ಕೂರುತ್ತದೆ, ಆಗ ಕಣ್ಣು ಸಿಗುತ್ತದೆ ಎಂದು ನನ್ನ ಲೆಕ್ಕ. ಅದು ಬರಲಿಲ್ಲ. ಎರಡೂ ಹಕ್ಕಿಗಳು ಮೇಲೆ ಸುತ್ತುತ್ತ ಚೀರುತ್ತಿದ್ದವು. ಗುಡ್ಡದ ಹಿಂದಿನಿಂದ ಸೂರ್ಯ ಬಂದ. ಎಳೆಬಿಸಿಲು ಅವುಗಳ ರೆಕ್ಕೆಯ ಒಳಗಿನ ಬಿಳುಪಿಗೆ ಬಿತ್ತು. ಒಂದು ಹಕ್ಕಿ ನೇರ ನನ್ನ ಮುಖಕ್ಕೇ ನುಗ್ಗಿ ಬಂದು, ಮಾರು ದೂರದಲ್ಲಿ ಮೇಲಕ್ಕೆ ತಿರುಗಿತು. ನಾನು ಗುಂಡಿ ಒತ್ತಿದೆ. ಚಿಕ್ಕ ಪರದೆಯಲ್ಲಿ ನೋಡಿದರೆ, ತೆರೆದ ಕೊಕ್ಕು, ಹರಡಿದ ರೆಕ್ಕೆ, ಆ ಕಣ್ಣು. ಒಂದು ಕೂದಲೆಳೆಯಷ್ಟೂ ಮಸುಕಿಲ್ಲ.

ಇನ್ನೊಂದು ಬೇಕೆನಿಸಿತು, ಇನ್ನೂ ಒಂದು. ಅವು ನುಗ್ಗುತ್ತಲೇ ಇದ್ದವು, ನಾನು ಒತ್ತುತ್ತಲೇ ಇದ್ದೆ. ನಾಲ್ಕಕ್ಕೆ ಎದ್ದು ಸುತ್ತುವ ನನ್ನ ಮೈ ಅಂದು ಮೂರೂವರೆ ತಾಸು ಒಂದೇ ಕಡೆ ಬಿದ್ದಿತ್ತು. ಬೆನ್ನು ಸುಡುತ್ತಿರುವುದೂ ತಿಳಿಯಲಿಲ್ಲ.

“ಯಾವಾಗಿಂದ ಬಿದ್ದಿದಿ ಇಲ್ಲಿ?”

ಕುಳ್ಳಿನ ಮುದುಕಿ. ಅಂದು ಅವಳು ಎಮ್ಮೆಗೆ ಔಷಧ ತರಲು ಪೇಟೆಗೆ ಹೋಗಿ ತಡವಾಗಿ ಬಂದಿದ್ದಳು.

“ಮುಂಜಾನಿಂದ ಯಕ್ಕಾ.”

“ಹಂಗಾರ ಅದು ಮುಂಜಾನಿಂದ ತತ್ತಿ ಮ್ಯಾಲ ಬಂದಿಲ್ಲ.” ಅವಳು ಗೂಡಿನ ಹತ್ತಿರ ಹೋಗಿ ಬಗ್ಗಿ, ಬೆರಳಿನ ಹಿಂಬದಿಯಿಂದ ಮೊಟ್ಟೆ ಮುಟ್ಟಿದಳು. ಎಳೆಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ. “ಬಾ ಇಲ್ಲಿ. ಮುಟ್ಟು.”

ನಾನು ಮುಟ್ಟಿದೆ. ಹಂಚಿನಿಂದ ತೆಗೆದು ಬುಟ್ಟಿಗೆ ಹಾಕಿದ ರೊಟ್ಟಿಯ ಬಿಸಿ ಇತ್ತು.

“ಕೋಳಿಹಂಗ ಕಾವು ಕೊಡಾಕ ಕುಂದ್ರತದ ಅಂತ ತಿಳದಿ ಏನು? ಈ ಬಿಸಿಲಾಗ ಅದು ನೆಳ್ಳ ಕೊಡಾಕ ಕುಂದ್ರತದ ತಮ್ಮಾ” ಎಂದಳು ಅವಳು. ದನಿ ಏರಿಸಲಿಲ್ಲ. “ಎದ್ದು ಹೋಗು. ಹಿಂದ ನೋಡಬ್ಯಾಡ, ಹೋಗು.”

ಕಾಲುವೆಯ ದಂಡೆಯವರೆಗೆ ಹಿಂದೆ ನೋಡದೆ ಹೋದೆ. ಅಲ್ಲಿ ನಿಂತು ತಿರುಗಿದಾಗ ಒಂದು ಹಕ್ಕಿ ಆಗಲೇ ಗೂಡಿನ ಮೇಲೆ ಕಾಲು ಅಗಲಿಸಿ ನಿಂತು, ರೆಕ್ಕೆ ಸ್ವಲ್ಪ ಜೋಲುಬಿಟ್ಟಿತ್ತು. ಇನ್ನೊಂದು ಕಾಲುವೆಯ ತಳದಲ್ಲಿ ಉಳಿದಿದ್ದ ಹೊಂಡಕ್ಕೆ ಬಂದು, ನೀರಿಗೆ ಹೊಟ್ಟೆ ತಾಗಿಸಿ ಕುಂತು, ಎದ್ದು ಹಾರಿತು. ಹೋಗಿ ಮೊದಲಿನದನ್ನು ಸರಿಸಿ ಒದ್ದೆ ಹೊಟ್ಟೆಯನ್ನು ಮೊಟ್ಟೆಗಳ ಮೇಲೆ ಇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಮತ್ತೆ ಹೋಯಿತು. ನಾನು ನಿಂತಷ್ಟು ಹೊತ್ತೂ ಅವು ಒಂದಾದ ಮೇಲೊಂದು ನೀರು ಹೊರುತ್ತಲೇ ಇದ್ದವು.

ಮನೆಗೆ ಬಂದು ಆ ಫೋಟೊಗಳನ್ನು ಮತ್ತೆ ನೋಡಿದೆ. ನನ್ನ ಜನ್ಮದಲ್ಲಿ ಅಷ್ಟು ಚಂದದ್ದೇನನ್ನೂ ನಾನು ಮಾಡಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಮುದುಕಿಯ ಮಾತು ಕಿವಿಯಲ್ಲಿರುವಾಗಲೇ ಅವುಗಳಲ್ಲೊಂದನ್ನು ಪರದೆಯ ಮೇಲಿಂದಲೇ ಫೋನಿನಲ್ಲಿ ಹಿಡಿದು ನಮ್ಮ ಡಿಪೊದ ಹಳೆಯ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದೆ. ಯಾಕೆ ಹಾಕಿದೆನೋ. ಸಂಜೆಯವರೆಗೂ ಫೋನು ಟಣ್ ಟಣ್ ಎನ್ನುತ್ತಿತ್ತು. ಭಾರೀ ಫೋಟೊ ಹೊಡದಿ ಅಂದವರು, ಕೈ ಮುಗಿಯುವ ಚಿತ್ರ ಕಳಿಸಿದವರು. ನಿವೃತ್ತನಾದ ಮೇಲೆ ಅಷ್ಟು ಜನ ನನ್ನನ್ನು ನೆನೆದದ್ದು ಅದೇ ಮೊದಲು. ಒಂದಕ್ಕೂ ಉತ್ತರ ಕೊಡಲಿಲ್ಲ. ಫೋನನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದಿಟ್ಟೆ. ಹೆಂಡತಿ ಅದನ್ನು ಹುಡುಕಿ ತಂದು ಕೈಗೆ ಕೊಟ್ಟಳು.

ಆಮೇಲೆ ಶುರುವಾದದ್ದು ಬೇರೆಯೇ ತಳಮಳ. ಹಕ್ಕಿ ದಿನಾ ಮೊಟ್ಟೆಗಳ ಮೇಲೆ ಕೂರುತ್ತಿತ್ತು, ಅಥವಾ ನೆರಳಾಗಿ ನಿಲ್ಲುತ್ತಿತ್ತು. ಆದರೆ ಅವು ಬದುಕಿವೆಯೋ ಬೆಂದಿವೆಯೋ ಅದಕ್ಕೆ ಗೊತ್ತೇ? ನನಗೆ ಗೊತ್ತೇ? ಹೊರಗಿನಿಂದ ಎರಡೂ ಒಂದೇ. ನಾನು ದಂಡೆಯ ಮೇಲಿಂದ ಒಂದು ಹೆಜ್ಜೆಯೂ ಕೆಳಗಿಳಿಯಲಿಲ್ಲ. ಕ್ಯಾಮೆರಾ ಕೊರಳಲ್ಲಿರುತ್ತಿತ್ತು, ಒಂದೂ ಫೋಟೊ ತೆಗೆಯಲಿಲ್ಲ. ಮುಂಜಾನೆ ಹೋಗಿ ನೋಡಿ ಬರುತ್ತಿದ್ದೆ. ಹತ್ತಕ್ಕೆ ಬಿಸಿಲು ಏರಿದರೆ ಮನೆಯಲ್ಲಿ ಕೂರಲಾಗದೆ ಕೊಡೆ ಹಿಡಿದು ಮತ್ತೆ ಹೋಗುತ್ತಿದ್ದೆ. ಸಂಜೆ ಇನ್ನೊಮ್ಮೆ. ಹೆಂಡತಿಗೆ ಎಲ್ಲ ಹೇಳಿದೆ. ಅವಳು ನೆಲಗಡಲೆ ಬಿಡಿಸುತ್ತ ಕೇಳಿಸಿಕೊಂಡು, “ಹೋದ ಕೂಡ್ಲೆ ಏನ್ ಮಾಡ್ತೀರಿ ಅಲ್ಲಿ?” ಎಂದಳು.

“ಏನೂ ಇಲ್ಲ.”

“ಮತ್ತ್ಯಾಕ ಹೋಗ್ತೀರಿ?”

ನಾನು ಕೊಡೆ ತೆಗೆದುಕೊಂಡು ಹೊರಟೆ.

ಉಸ್ತಾದ್ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಯಾದಗಿರಿಯಿಂದ ಬಂದರು. ಹೊಸ ಕಣ್ಣು ಬಂದದ, ಬೋನಾಳ ಕೆರಿ ನೋಡಿ ಬರೋಣ ನಡೀರಿ ಎಂದರು. ಮುಂಜಾನೆಯ ಬಸ್ಸಿಗೆ ಸುರಪುರಕ್ಕೆ ಹೋಗಿ, ಅಲ್ಲಿಂದ ಆಟೊ ಹಿಡಿದೆವು. ಕೆರೆಯ ನೀರು ಇಳಿದು ನಡುವೆ ಸೇರಿತ್ತು. ಇದ್ದ ನೀರಿನ ಸುತ್ತ ಹಕ್ಕಿಗಳು ಸಂತೆ ನೆರೆದಂತೆ ನೆರೆದಿದ್ದವು. ಬಣ್ಣದ ಕೊಕ್ಕರೆಗಳು ಕೊಕ್ಕನ್ನು ಕೆಸರಿಗೆ ಹಾಕಿ ಆಡಿಸುತ್ತಿದ್ದವು, ನೀರುಕಾಗೆಗಳು ರೆಕ್ಕೆ ಒಣಗಿಸುತ್ತಿದ್ದವು. ಉಸ್ತಾದ್ ಹುಡುಗನಂತೆ ಒಂದೊಂದನ್ನೇ ಬೆರಳು ಮಾಡಿ ತೋರಿಸುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಎಂಟೂವರೆ. ಅಲ್ಲಿ ಬಯಲಿನಲ್ಲಿ ಬಿಸಿಲು ಈಗ ಪ್ಲಾಟುಗಲ್ಲನ್ನು ದಾಟಿ ಗೂಡಿಗೆ ಬಿದ್ದಿರುತ್ತದೆ.

“ಏನಾಗ್ಯದ ಸಾಬ್? ಒಂದೂ ಹೊಡೀಲಿಲ್ಲ.”

ಹೇಳಿದೆ. ಚೀಲ, ಮೂರೂವರೆ ತಾಸು, ಮುದುಕಿ, ಮೊಟ್ಟೆಯ ಬಿಸಿ. ವಾಟ್ಸಾಪಿಗೆ ಹಾಕಿದ್ದನ್ನೂ ಮುಚ್ಚಿಡಲಿಲ್ಲ. ಉಸ್ತಾದ್ ನೀರಿನ ಕಡೆ ಮುಖ ತಿರುಗಿಸಿದರು. ಕಪ್ಪು ಕನ್ನಡಕದ ಹಿಂದೆ ಅವರು ಏನು ನೋಡುತ್ತಿದ್ದಾರೋ ತಿಳಿಯಲಿಲ್ಲ.

“ಇದೇ ಸುರಪುರ ಕಡಿದು ಒಂದು ಲಗ್ನ” ಎಂದು ಶುರು ಮಾಡಿದರು. “ರೀಲಿನ ಕಾಲ ಅದು. ಹುಡುಗಿ ತಂದಿ ಒಂದ್ ಬಾಜೂ ಎದಿ ಹಿಡ್ಕೊಂಡು ಕುಂತಿದ್ದ. ನನಗ ಕಂಡಿತ್ತು. ಬೆಳಕು ಹೋಗಾಕತ್ತಿತ್ತು. ‘ಎದ್ದು ನಿಂದರ್ರಿ ಯಜಮಾನ್ರ, ಒಂದೇ ಒಂದು’ ಅಂದೆ. ಎದ್ದ. ನಿಂತ. ನಗ್ರಿ ಅಂದೆ, ನಕ್ಕ. ಮರುದಿನ ತೀರಿಕೊಂಡ.”

ಉಸ್ತಾದ್ ಕಾಲ ಬುಡದ ಒಂದು ಹರಳು ಎತ್ತಿ ಪಕ್ಕಕ್ಕಿಟ್ಟರು.

“ನಾ ನಿಂದ್ರಸದಿದ್ರ ಉಳೀತಿದ್ನೋ ಏನೋ, ಅದು ಯಾರಿಗೆ ಗೊತ್ತು? ಫೋಟೊ ಮಾತ್ರ ಭಾಳ ಚಲೋ ಬಂದಿತ್ತು. ಮನಿಯವರು ಅದನ್ನೇ ದೊಡ್ಡದು ಮಾಡಿಸಿ ಮಾಲಿ ಹಾಕಿದ್ರು. ಅಂಗಡಿಗೆ ಬಂದು ನನ್ನ ಕೈ ಹಿಡದು, ನೀವಿದ್ದದ್ದಕ್ಕ ಅಪ್ಪನ ಮಾರಿ ಉಳೀತು ಅಂದ್ರು.” ಅವರು ಟವೆಲಿನಿಂದ ಕನ್ನಡಕದ ಕೆಳಗೆ ಒರೆಸಿಕೊಂಡರು, ಆಪರೇಶನ್ನಿನ ಕಣ್ಣಿಗೆ ನೀರು ಬರುತ್ತಿತ್ತೋ ಏನೋ. “ಆ ಓಣಿಗೆ ನಾ ತಿರುಗಿ ಹೋಗಿಲ್ಲ ಸಾಬ್. ಸುತ್ತಹಾಕಿ ಹೋಗ್ತೀನಿ.”

ಆಮೇಲೆ ನಾವು ಅಲ್ಲಿ ನಿಲ್ಲಲಿಲ್ಲ. ಹತ್ತರ ಬಸ್ಸಿಗೆ ಶಹಾಪುರಕ್ಕೆ ತಿರುಗಿ ಬಂದು, ನಿಲ್ದಾಣದಿಂದ ಇಬ್ಬರೂ ಮನೆಗೆ ಹೋಗದೆ ನೇರ ಬಯಲಿಗೇ ಹೋದೆವು. ಹಕ್ಕಿ ಗೂಡಿನ ಮೇಲೆ ನೆರಳಾಗಿ ನಿಂತಿತ್ತು.

ಆ ವಾರವೇ ಬಯಲಿಗೆ ಟಿಪ್ಪರು ಬಂತು. ಪ್ಲಾಟುಗಳ ನಡುವೆ ರಸ್ತೆ ಮಾಡಲು ಮುರುಮು ಮಣ್ಣು ತಂದು ಸುರಿಯುತ್ತಿದ್ದರು. ಮುಂಜಾನೆ ಆರೂವರೆಗೆ ನಾನು ದಂಡೆ ಹತ್ತುವಾಗ ಹಳದಿ ಟಿಪ್ಪರು ಹಿಮ್ಮುಖವಾಗಿ ಗೂಡಿನ ಕಡೆಗೇ ಸರಿಯುತ್ತಿತ್ತು. ಮುದುಕಿ ಬುಟ್ಟಿ ಕೆಳಗಿಟ್ಟು ಎರಡೂ ಕೈ ಆಡಿಸುತ್ತಿದ್ದಳು. ನಾನು ಓಡಿದೆ. ಆ ಓಟದಲ್ಲಿ ಕ್ಯಾಮೆರಾ ಎದೆಗೆ ಬಡಿದು ನೀಲಿಗಟ್ಟಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಡ್ರೈವರ್ ಕಡೇಚೂರಿನ ಕಡೆಯವನು, ನಲವತ್ತರ ಆಸುಪಾಸು. ಗಾಜು ಇಳಿಸಿ, “ಏನ್ರಿ?” ಎಂದ.

“ಹಿಂದ ತತ್ತಿ ಅದಾವಪ್ಪ. ಹಕ್ಕಿದು.”

ಅವನು ಕನ್ನಡಿಯಲ್ಲಿ ನೋಡಿದ. ಅವನ ಹಿಂದಿನ ಗಾಲಿಯಿಂದ ನಾಲ್ಕೈದು ಮಾರಿನಲ್ಲಿ ಟಿಟ್ಟಿಭ ಎರಡೂ ರೆಕ್ಕೆ ಎತ್ತಿ, ಕೊಕ್ಕು ತೆರೆದು, ಗಾಲಿಗೆ ಎದುರಾಗಿ ನಿಂತಿತ್ತು. ಹಾರಿ ಹೋಗಲಿಲ್ಲ. ಅವನು ಎಂಜಿನ್ ಬಂದ್ ಮಾಡಿದ.

“ಅಲ್ಲಿ ಸುರೀಬೇಕಂತ ಗುರುತು ಮಾಡ್ಯಾರ್ರಿ. ಆ ಕಡಿಗೆ ತೆಗ್ಗದ, ತಿರುಗಂಗಿಲ್ಲ ಗಾಡಿ. ನಾ ಏನ್ ಮಾಡ್ಲಿ?”

ತಗ್ಗು ನೋಡಿದೆ. ಬಯಲಿನ ಅಗಲ ನೋಡಿದೆ. ತಿರುಗುವುದಿತ್ತು, ಅಳತೆ ಬಿಗಿ ಅಷ್ಟೆ. ನಾನು ಯಾರು, ಎಷ್ಟು ವರ್ಷ ಏನು ಓಡಿಸಿದೆ ಎಂದು ಹೇಳಿ, “ಕೆಳಗ ಇಳೀತಿ ಏನು? ನಾ ತಿರುಗಿಸಿ ಕೊಡ್ತೀನಿ” ಎಂದೆ. ಅವನು ನನ್ನನ್ನು ಮೇಲೆ ಕೆಳಗೆ ನೋಡಿದ. ಮುದುಕಿಯನ್ನು ನೋಡಿದ. ಇಳಿದ.

ಸ್ಟೇರಿಂಗ್ ಮೇಲೆ ಕೈಯಿಟ್ಟಾಗ ತಿಂಗಳುಗಟ್ಟಲೆ ನಡುಗುತ್ತಿದ್ದದ್ದೇನೋ ಒಳಗೆ ನಿಂತಂತಾಯಿತು. ಸುಳ್ಳೇಕೆ, ಮೊಟ್ಟೆಯನ್ನೂ ಒಂದು ಕ್ಷಣ ಮರೆತೆ. ಮುಂದಕ್ಕೆ ಅರ್ಧ ಗಾಲಿ, ಹಿಂದಕ್ಕೆ ಒಂದು ಗಾಲಿ, ತಗ್ಗಿನ ಅಂಚಿಗೆ ಒಂದು ಗೇಣು ಬಿಟ್ಟು ಮೂಗು ಹೊರಳಿಸಿ, ಏಳೆಂಟು ಸಲ ಹಾಗೆ ಹೀಗೆ ಮಾಡಿ ಗಾಡಿಯನ್ನು ಪೂರಾ ತಿರುಗಿಸಿ ಬಯಲಿನ ಆಚೆ ಅಂಚಿಗೆ ಒಯ್ದು ನಿಲ್ಲಿಸಿದೆ. ಅವನು ಮುರುಮು ಅಲ್ಲೇ ಸುರಿದ. ಮೇಲಿನವರು ಕೇಳಿದರೆ ಟಾಯರು ಹೂತಿತ್ತು ಅಂತ ಹೇಳುತ್ತೇನೆ ಎಂದ. ಮುದುಕಿ ನಾಲ್ಕು ದೊಡ್ಡ ಕಲ್ಲು ಹೊತ್ತು ತಂದು ಗೂಡಿನಿಂದ ದೂರಕ್ಕೆ ನಾಲ್ಕು ಕಡೆ ಇಟ್ಟಳು. ಉಳಿದ ಖೇಪುಗಳ ಮುರುಮನ್ನೂ ಅವನು ಆಚೆಗೇ ಹಾಕಿದ.

ಮೊಟ್ಟೆ ಒಡೆಯಲು ನಾಲ್ಕು ವಾರ ಬೇಕು ಎಂದು ಉಸ್ತಾದ್ ಫೋನಿನಲ್ಲಿ ಹುಡುಕಿ ಹೇಳಿದ್ದರು. ಮೊದಲ ಮೊಟ್ಟೆ ಇಟ್ಟಿತೆಂದು ಮುದುಕಿ ಹೇಳಿದ ದಿನದಿಂದ ಎಣಿಸಿದರೆ ನಾಲ್ಕು ವಾರ ಮುಗಿದು ಮೇಲೆ ಎರಡು ದಿನವಾಗಿತ್ತು. ಮೂರನೆಯ ದಿನ ಮುಂಜಾನೆ ಅವಳು ಬುಟ್ಟಿಯಿಲ್ಲದೆ ದಂಡೆಯ ಮೇಲೇ ನನಗಾಗಿ ಕಾಯುತ್ತಿದ್ದಳು.

“ಎರಡು ಒಡದಾವ” ಎಂದಳು.

ಅಲ್ಲಿಂದಲೇ ಲೆನ್ಸು ಎತ್ತಿದೆ. ಮೊದಲು ಹರಳು ಬಿಟ್ಟರೆ ಏನೂ ಕಾಣಲಿಲ್ಲ. ಆಮೇಲೆ ಒಂದು ಹರಳು ನಡೆಯಿತು. ಹತ್ತಿಯ ಉಂಡೆಗೆ ಮಣ್ಣು ಬಳಿದು ಎರಡು ಕಡ್ಡಿ ಚುಚ್ಚಿದಂತಿತ್ತು. ಹುಟ್ಟಿ ತಾಸೆರಡು ಆಗಿರಲಿಕ್ಕಿಲ್ಲ, ಆಗಲೇ ನೆಲ ಕುಕ್ಕುತ್ತಿತ್ತು. ಮೇಲೆ ಹದ್ದೊಂದು ಹಾಯ್ದಾಗ ತಾಯಿ ಒಂದು ಸಲ ಕೂಗಿತು; ಮರಿ ಇದ್ದಲ್ಲೇ ಕುಸಿದು ಮತ್ತೆ ಹರಳಾಯಿತು. ಬಿಸಿಲು ಏರುವ ಮೊದಲೇ ಎರಡೂ ದೊಡ್ಡ ಹಕ್ಕಿಗಳು ಮರಿಗಳನ್ನು ನಡುವೆ ಹಾಕಿಕೊಂಡು, ನಿಂತು, ಕರೆದು, ಮತ್ತೆ ನಡೆದು, ಕಾಲುವೆಯ ಕಡೆಗಿನ ಹುಲ್ಲಿಗೆ ಇಳಿದವು. ಅಷ್ಟರಲ್ಲಿ ಒಂದೆರಡು ಸಲ ಗುಂಡಿ ಒತ್ತಿದ್ದೆ, ಅಷ್ಟೇ.

ಗೂಡಿನಲ್ಲಿ ಎರಡು ಮೊಟ್ಟೆ ಉಳಿದವು. ಆ ದಿನ ಕಾದೆವು, ಮರುದಿನವೂ ಕಾದೆವು. ಹಕ್ಕಿ ಅವುಗಳ ಮೇಲೆ ತಿರುಗಿ ಬರಲಿಲ್ಲ. ಆಗ ಮುದುಕಿ ಹೋಗಿ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನನ್ನ ಕೈಗೆ ಕೊಟ್ಟಳು. ಒಳಗೆ ನೀರಿನ ಸದ್ದು.

“ಇವು ನನ್ನಿಂದ ಹೋದವು ಯಕ್ಕಾ.”

“ನಿನ್ನಿಂದ ಅಂತ ಹ್ಯಾಂಗ ಹೇಳ್ತಿ? ನಾಕಕ್ಕ ನಾಕೂ ಒಡದದ್ದು ನಾ ನೋಡಿದ್ದು ಕಮ್ಮಿ.”

“ಅಲ್ಲಂತ ಹ್ಯಾಂಗ ಹೇಳ್ಲಿ?”

“ಹೇಳಬ್ಯಾಡ” ಎಂದಳು ಅವಳು. “ಯಾರು ಕೇಳ್ಯಾರ ನಿನಗ? ಬಾ, ಕುಳ್ಳು ಒಣಗ್ಯಾವ, ಬುಟ್ಟಿಗೆ ಕೈ ಹಚ್ಚು.”

ಎರಡೂ ಮೊಟ್ಟೆಗಳನ್ನು ಅವಳ ಹಿತ್ತಲಿನ ಬೇವಿನ ಬುಡದಲ್ಲಿ ಮಣ್ಣು ತೆಗೆದು ಹಾಕಿದೆ. ನಾಲ್ಕು ಬುಟ್ಟಿ ಕುಳ್ಳು ಹೊತ್ತು ಅವಳ ಮನೆಯ ಗೋಡೆಗೆ ಒಟ್ಟಿದೆ. ಅವಳು ಕೊಟ್ಟ ಚಹಾವನ್ನು ನಿಂತೇ ಕುಡಿದೆ.

ಮನೆಗೆ ಬಂದಾಗ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಮರಿಗಳ ಫೋಟೊ ಇನ್ನೂ ಅವಳಿಗೆ ತೋರಿಸಿರಲಿಲ್ಲ. ಕ್ಯಾಮೆರಾ ಅವಳ ಮುಂದೆ ಹಿಡಿದೆ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ಒಲೆಯ ಬೆಳಕಿಗೆ ಪರದೆಯನ್ನು ಓರೆ ಮಾಡಿ ನೋಡಿದಳು.

“ಎಲ್ಲದ ರೀ ಹಕ್ಕಿ? ಬರೇ ಕಲ್ಲವ.”

“ಎರಡು ಮರಿ ಅದಾವ ಅದರಾಗ. ದೂರಿಂದ ಹೊಡದೀನಿ.”

ಗುಂಡಿ ಒತ್ತಿ ದೊಡ್ಡದು ಮಾಡಿ ಕೊಟ್ಟೆ. ಬಹಳ ಹೊತ್ತು ಹುಡುಕಿ ಒಂದನ್ನು ಕಂಡುಹಿಡಿದಳು. ಇನ್ನೊಂದು ನನಗೂ ಸಿಗಲಿಲ್ಲ. ಇದ್ದೇ ಇತ್ತು, ನಾನು ಕಣ್ಣಾರೆ ನೋಡಿ ಒತ್ತಿದ್ದೆ. ಇಬ್ಬರೂ ಆ ಸಣ್ಣ ಪರದೆಯ ಮೇಲೆ ತಲೆ ಬಗ್ಗಿಸಿ, ಈ ಮೂಲೆಯಿಂದ ಆ ಮೂಲೆಗೆ ಒಂದೊಂದೇ ಹರಳು ನೋಡುತ್ತ ಕುಂತೆವು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಾಗಲೂ ಅವಳು, “ತಡೀರಿ, ಇದು ಇರಬೇಕು ನೋಡ್ರಿ” ಎಂದು ಬೆರಳು ಇಟ್ಟಿದ್ದಳು.